ಟೋ ಟಚ್: ಹೆಂಡತಿಯ ಸ್ಪ್ಲಿಟ್, ನನ್ನ ಬಸ್ಕಿ, ಮಗಳ ಕಾಲ್ತೂಕ

ಟೆಕ್ಸಸ್‌ನ ಫ್ರಿಸ್ಕೊದಲ್ಲಿ ನಮ್ಮ ಮನೆ. ಮಗಳು ಒಂಬತ್ತನೇ ಕ್ಲಾಸು, ಪಂದ್ಯಗಳಲ್ಲಿ ಕುಣಿದು ಕೂಗಿ ಹುರಿದುಂಬಿಸುವ ಸ್ಕೂಲಿನ ಚಿಯರ್ ಟೀಮಿನಲ್ಲಿ, ಅದರ ಎರಡನೇ ತಂಡವಾದ ಜೂನಿಯರ್ ವಾರ್ಸಿಟಿಯಲ್ಲಿದ್ದಳು. ಮಾರ್ಚಿನ ಟ್ರೈಔಟ್‌ನಲ್ಲಿ, ಅಂದರೆ ಆಯ್ಕೆ ಪರೀಕ್ಷೆಯಲ್ಲಿ, ಮೊದಲ ತಂಡವಾದ ವಾರ್ಸಿಟಿಗೆ ಹೋಗಲೇಬೇಕು ಅಂತ ಹಟ. ಕುಣಿತ, ಕೂಗು, ಪಲ್ಟಿ ಹೊಡೆಯುವ ಟಂಬ್ಲಿಂಗ್ ಎಲ್ಲಾ ಸರಿ. ಸಿಕ್ಕಿಹಾಕಿಕೊಂಡಿದ್ದು ಟೋ ಟಚ್‌ನಲ್ಲಿ. ಹಾರಿ, ಎರಡೂ ಕಾಲನ್ನು ನೇರವಾಗಿ ಅಗಲಿಸಿ ಕೈಯತ್ತ ತರಬೇಕು. ಹೆಸರಿನಲ್ಲಿ ಟಚ್ ಇದ್ದರೂ ಬೆರಳು ಮುಟ್ಟಲು ಬಾಗುವ ಹಾಗಿಲ್ಲ. ಕಾಲು ಮೇಲೆ ಬರಬೇಕು, ಎದೆ ಕೆಳಗೆ ಹೋಗಬಾರದು.

ನವೆಂಬರಿನ ಒಂದು ಭಾನುವಾರ ರಿಸೈಕಲ್ ಡಬ್ಬದ ಮೇಲೆ ಫೋನ್ ಇಟ್ಟು ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆದೆ. ಗ್ಯಾರೇಜ್ ಬಾಗಿಲಿಗೆ ಅಡ್ಡಡ್ಡ ಗೆರೆಗಳಿವೆ, ಎರಡನೆಯದು ನೆಲದಿಂದ 42 ಇಂಚು. ಅವಳ ಪಾದ ಆ ಗೆರೆಗಿಂತ ಒಂದು ಗೇಣು ಕೆಳಗಿತ್ತು. ಅಲ್ಲಿಂದ ಶುರುವಾಯಿತು ಮನೆಯೊಳಗಿನ ಪೈಪೋಟಿ.

ನನ್ನ ಹೆಂಡತಿ ಮೈಸೂರಿನಲ್ಲಿ ಎಂಟು ವರ್ಷ ಭರತನಾಟ್ಯ ಕಲಿತವಳು. "ಮೈ ಬಿಗಿಯಿದೆ, ಸಡಿಲ ಆಗ್ಬೇಕು ಅಷ್ಟೇ" ಅಂತ ಅವಳ ತೀರ್ಮಾನ. ನಾನು ಮಂಡ್ಯದಲ್ಲಿ ಕಾಲೇಜು ಟೀಮಿಗೆ ವಾಲಿಬಾಲ್ ಆಡಿದವನು. ಹಾರೋದು ಅಂದರೆ ತೊಡೆ, ತೊಡೆ ಅಂದರೆ ಬಸ್ಕಿ, ಇದರಲ್ಲಿ ಚರ್ಚೆ ಏನಿದೆ? ಮಗಳು ಇಬ್ಬರನ್ನೂ ಕೇಳದೆ ಕಾಲಿಗೆ ಕಟ್ಟುವ ತೂಕದ ಪಟ್ಟಿ ತರಿಸಿಕೊಂಡಳು.

ಮೊದಲು ಹೆಂಡತಿಯ ಸರದಿ. ರಾತ್ರಿ ಊಟ ಆದಮೇಲೆ ಗೋಡೆಗೆ ಮುಖ ಮಾಡಿ ಕಾಲಗಲಿಸಿ ಕೂರೋದು, ದಿನಾ ಅರ್ಧ ಗಂಟೆ. ನಾಲ್ಕು ವಾರದಲ್ಲಿ ನೆಲದ ಮೇಲಿನ ಸ್ಪ್ಲಿಟ್ ಚಪಾತಿ ಹಾಗೆ ಆಯಿತು. ಗ್ಯಾರೇಜ್ ಮುಂದೆ ಹಾರಿಸಿದರೆ ಪಾದ ಏರಿದ್ದು ಎರಡೇ ಬೆರಳು! ನೆಲದ ಮೇಲೆ ಮೈಭಾರವೇ ಕಾಲನ್ನು ಒತ್ತಿ ಅಗಲಿಸುತ್ತದೆ, ಗಾಳಿಯಲ್ಲಿ ಒತ್ತುವವರು ಯಾರು? ಕಾಲನ್ನು ಕಾಲೇ ಎತ್ತಿಕೊಳ್ಳಬೇಕು. ಇನ್ನೊಂದು ಎಡವಟ್ಟೂ ಮಾಡಿದ್ದೆವು. ಪ್ರಾಕ್ಟೀಸಿಗೆ ಹೊರಡುವ ಮುಂಚೆಯೂ ಹೀಗೆ ಎಳೆದು ಕೂರಿಸುತ್ತಿದ್ದೆವು, ಆ ದಿನಗಳಲ್ಲಿ ಜಿಗಿತ ಸಪ್ಪೆ. ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಎಳೆದ ಸ್ನಾಯು ತಕ್ಷಣಕ್ಕೆ ಅಷ್ಟು ಚುರುಕಾಗಿ ಚಿಮ್ಮುವುದಿಲ್ಲ. ಮುಂಚೆ ಕಾಲು ಬೀಸೋದು, ಎಳೆಯೋದೆಲ್ಲ ಆಮೇಲೆ ಅಂತ ಬದಲಾಯಿಸಿದೆವು.

ಒಂದು ವಿಷಯದಲ್ಲಿ ಮಾತ್ರ ಹೆಂಡತಿಗೆ ಪೂರ್ತಿ ಅಂಕ. ಮಗಳ ಮಂಡಿ ಗಾಳಿಯಲ್ಲಿ ಮುಂದಕ್ಕೆ ಮುಖ ಮಾಡುತ್ತಿತ್ತು, ಅದು ಆಕಾಶ ನೋಡಬೇಕು. ತೊಡೆಯನ್ನು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿಸದಿದ್ದರೆ ಪಕ್ಕಕ್ಕೆ ಎತ್ತುವಾಗ ಮೂಳೆಗೆ ಮೂಳೆ ಅಡ್ಡ ಬರುತ್ತದೆ, ಎಷ್ಟು ಮುಕ್ಕಿದರೂ ಮೇಲೆ ಹೋಗದು. ಭರತನಾಟ್ಯದ ಅರಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಮಡಿಸಿ ಅರ್ಧ ಕೂರಿಸಿ, "ಪಾದ ಅಲ್ಲ, ತೊಡೆ ತಿರುಗಿಸು" ಅಂತ ಹತ್ತು ದಿನ ತಿದ್ದಿದ ಮೇಲೆ ಅದು ಬಂತು. ಇದನ್ನು ನನ್ನ ಯಾವ ಬಸ್ಕಿಯೂ ಕಲಿಸುತ್ತಿರಲಿಲ್ಲ.

ಕಾಲ್ತೂಕದ ಕಥೆ ಬೇಗ ಮುಗಿಯಿತು. ಒಂಬತ್ತನೇ ದಿನ ತೊಡೆಸಂದು ಹಿಡಿದುಕೊಂಡು ಬಂದಳು, ಎರಡು ವಾರ ಹಾರಾಟ ಬಂದ್. ಉದ್ದನೆಯ ಕಾಲಿನ ತುದಿಗೆ ಭಾರ ಕಟ್ಟಿ ಝಾಡಿಸಿದರೆ ಎಳೆತವೆಲ್ಲ ಬುಡಕ್ಕೆ, ಅಂದರೆ ತೊಡೆಸಂದಿಗೇ. ಆ ಪಟ್ಟಿಗಳು ಈಗ ಡೇರೆಯ ಬಟ್ಟೆ ಹಾರಿಹೋಗದಂತೆ ಹಿತ್ತಲಲ್ಲಿ ಕೂತಿವೆ. ಒಳ್ಳೆಯ ಉಪಯೋಗ.

ಜನವರಿಯಲ್ಲಿ ನನ್ನ ಕಾರ್ಯಕ್ರಮ. ವಾರಕ್ಕೆ ಮೂರು ದಿನ ಬಸ್ಕಿ, ಒಂಟಿಕಾಲಿನ ಬಸ್ಕಿ, ಮೊಣಕಾಲೆತ್ತರದ ಪೆಟ್ಟಿಗೆ ಮೇಲೆ ಹಾರೋದು, ಇಳಿಯುವಾಗ ಸದ್ದಾಗದ ಹಾಗೆ ಮಂಡಿ ಮಡಿಸಿ ಇಳಿಯೋದು. ತಿಂಗಳಲ್ಲಿ ಅವಳ ಜಿಗಿತ 12 ಇಂಚಿನಿಂದ 14ಕ್ಕೆ ಹೋಯಿತು. ನಾನು ಬೀಗಿದೆ. ವಿಡಿಯೊ ನೋಡಿದರೆ ಸೊಂಟ ಎರಡು ಇಂಚು ಏರಿದೆ, ಪಾದವೂ ಅಷ್ಟೇ ಏರಿದೆ, ಕಾಲು ಮಾತ್ರ ಹಳೇ ಓರೆಯಲ್ಲೇ ನಿಂತಿದೆ.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕಿದೆ. 12 ಇಂಚು ಹಾರಿದರೆ ನೆಲ ಬಿಟ್ಟು ತುದಿ ಮುಟ್ಟಲು ಕಾಲು ಸೆಕೆಂಡು. 14 ಇಂಚು ಹಾರಿದರೆ 0.27. ಒಂದು ತಿಂಗಳ ಬೆವರಿಗೆ ಸಿಕ್ಕಿದ್ದು ಸೆಕೆಂಡಿನ ನೂರರಲ್ಲಿ ಎರಡು ಪಾಲು. ಸಮಯ ದುಪ್ಪಟ್ಟು ಬೇಕೆಂದರೆ ನಾಲ್ಕು ಪಟ್ಟು ಎತ್ತರ ಹಾರಬೇಕು, ನಾಲ್ಕು ಅಡಿ! ಆಗದ ಮಾತು. ಹಾಗಾದರೆ ಇರುವ ಕಾಲು ಸೆಕೆಂಡಿನಲ್ಲೇ ಕಾಲು ಚಕ್ಕನೆ ಮೇಲೆ ಬರಬೇಕು.

ಇದಕ್ಕೆ ಮದ್ದು ಕೊಟ್ಟವರು ಟೀಮಿನ ಸಹಾಯಕ ಕೋಚ್. ನೋಡಲು ಏನೂ ಅಲ್ಲ. ನೆಲದ ಮೇಲೆ ಕಾಲಗಲಿಸಿ, ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಅಂಗೈ ಮುಂದೆ ನೆಲಕ್ಕೂರಿ, ಮಂಡಿ ಮಡಿಸದೆ ಹಿಮ್ಮಡಿ ಎತ್ತಬೇಕು. ಹತ್ತು ಸಲ. ಕೈ ಮುಂದೆ ಹೋದಷ್ಟೂ ಕಷ್ಟ. ಸ್ಪ್ಲಿಟ್‌ನಲ್ಲಿ ಚಪಾತಿಯಾಗಿದ್ದ ಹುಡುಗಿ, ಹಿಮ್ಮಡಿ ಎರಡು ಬೆರಳು ಎತ್ತುವಷ್ಟರಲ್ಲಿ ಹಿಂದಕ್ಕೆ ವಾಲಿದಳು. "ಅಪ್ಪ, ನೀವು ಮಾಡಿ ನೋಡೋಣ" ಅಂದಳು. ಕೂತೆ. ಮೂರನೇ ಸಲಕ್ಕೆ ತೊಡೆಯ ಮುಂಭಾಗ ಗಂಟು ಕಟ್ಟಿ, ಕಾರ್ಪೆಟ್ ಮೇಲೆ ಹಾಗೇ ಮಲಗಿಬಿಟ್ಟೆ. ಸೊಂಟದಿಂದ ಕಾಲನ್ನು ಮೇಲಕ್ಕೆಳೆಯುವ ಸ್ನಾಯು ಯಾವುದು ಅಂತ ಆವತ್ತು ಮೈಗೇ ಗೊತ್ತಾಯಿತು. ವಾಲಿಬಾಲ್‌ನಲ್ಲಿ ಅದಕ್ಕೆ ಇಂಥ ಕೆಲಸ ಕೊಟ್ಟೇ ಇರಲಿಲ್ಲ. ಜೊತೆಗೆ ಇನ್ನೊಂದು: ಅಂಗಾತ ಮಲಗಿ, ಜೋಡಿಸಿದ ಕಾಲನ್ನು ಚಪ್ಪಾಳೆಗೆ ಸರಿಯಾಗಿ ಅಗಲಿಸಿ ಎತ್ತೋದು. ಚಪ್ಪಾಳೆ ನನ್ನದು.

ಐದು ವಾರಕ್ಕೆ ಪಾದ ಗೆರೆ ದಾಟಿತು. ಇದೊಂದೇ ಮಾಡಿದ್ದರೆ ದಾಟುತ್ತಿತ್ತಾ? ಅನುಮಾನ. ಸಡಿಲವಾದ ತೊಡೆ, ತಿರುಗಿದ ಮಂಡಿ ಮೊದಲೇ ತಯಾರಿದ್ದವು, ಕೊನೆಗೆ ಬಂದವರಿಗೆ ಹೆಸರು. ಆದರೂ ದಿನಕ್ಕೆ ಹತ್ತೇ ನಿಮಿಷ ಇದ್ದರೆ ನಾನು ಅದನ್ನು ಈ ಹಿಮ್ಮಡಿ ಎತ್ತೋದಕ್ಕೇ ಕೊಡುತ್ತೇನೆ. ಮೈ ತೀರಾ ಬಿಗಿ ಇರುವ ಮಕ್ಕಳಿಗೆ ಮಾತ್ರ ಹೆಂಡತಿಯ ದಾರಿ ಮೊದಲು.

ಅಂದ ಹಾಗೆ, ಒಂದು ಕಾಲು ಚಾಚಿ ಇನ್ನೊಂದು ಮಡಿಸುವ ಹರ್ಕಿ ಜಂಪ್‌ಗೆ ಆ ಹೆಸರು ಬಂದಿದ್ದು ನಮ್ಮ ಪಕ್ಕದ ಡಲ್ಲಾಸ್‌ನಲ್ಲಿ ಓದಿದ ಲಾರೆನ್ಸ್ ಹರ್ಕಿಮರ್ ಅವರಿಂದ. 1948ರಲ್ಲಿ ನ್ಯಾಷನಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಕಟ್ಟಿದವರು. ಪಕ್ಕಕ್ಕೆ ಪೂರಾ ಸ್ಪ್ಲಿಟ್ ಹಾರಲು ಬಾರದೆ ಕಾಲು ಮಡಿಸಿದ್ದೇ ಹೊಸ ಜಂಪ್ ಆಯಿತು ಅಂತಾರೆ. ಮಗಳಿಗೆ ಹೇಳಿದೆ. "ನನಗೆ ಹಾಗೆ ಮಾಡಿದ್ರೆ ಪಾಯಿಂಟ್ ಕಟ್ ಮಾಡ್ತಾರೆ ಅಪ್ಪ" ಅಂದಳು.

ಟ್ರೈಔಟ್ ಆಯಿತು, ವಾರ್ಸಿಟಿಗೆ ಸೇರಿದಳು. ಈಗ ಹೊಸ ತಲೆನೋವು ಡಬಲ್ ಟೋ ಟಚ್, ಇಳಿದವಳೇ ಮತ್ತೆ ಹಾರಬೇಕು. ಮೊದಲನೆಯದು ಗೆರೆ ಮೇಲೆ, ಎರಡನೆಯದು ಮತ್ತೆ ಗೇಣು ಕೆಳಗೆ. ಮೊದಲ ಜಿಗಿತದಿಂದ ಇಳಿದ ಭಾರವನ್ನು ತೊಡೆ ಹಿಡಿದು ಹಿಂದಿರುಗಿಸಬೇಕಲ್ಲ. ಮೊನ್ನೆ ಅವಳೇ ಬಂದು ಕೇಳಿದಳು: "ಅಪ್ಪ, ಆ ಪೆಟ್ಟಿಗೆ ಎಲ್ಲಿಟ್ರಿ?"