ಹೈಡ್ರಾಲಿಕ್ ಮಂಚ, ನಾಲ್ಕು ವರ್ಷದ ಬಳಕೆ: ಮೊದಲು ಗಾದಿ ತೂಗಿ, ಆಮೇಲೆ ಪಂಪ್ ಆರಿಸಿ

ವಸ್ತು: 78×60 ಇಂಚಿನ ಕ್ವೀನ್ ಸೈಜ್ ಹೈಡ್ರಾಲಿಕ್ ಮಂಚ, ಅಂದರೆ ಗಾದಿ ಸಮೇತ ಮೇಲಿನ ಹಲಗೆ ಎತ್ತಿ ಒಳಗೆ ಸಾಮಾನು ಇಡುವಂಥದ್ದು. ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿ 2021ರ ಫೆಬ್ರವರಿಯಲ್ಲಿ ಕೂರಿಸಿದ್ದು. ಪೆಟ್ಟಿಗೆಗೆ 18 ಎಂಎಂ ಪಾರ್ಟಿಕಲ್ ಬೋರ್ಡ್ (ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ), ಗಾದಿ ಕೂರುವ ಮೇಲಿನ ಹಲಗೆಗೆ 12 ಎಂಎಂ ಪ್ಲೈ, ಅದರಡಿ ಒಂದಿಂಚಿನ ಚೌಕ ಪೈಪಿನ ಫ್ರೇಮು. ಕೀಲು ತಲೆ ಕಡೆ, ಎತ್ತುವುದು ಕಾಲ ಕಡೆಯಿಂದ. ಎರಡು ಗ್ಯಾಸ್ ಪಂಪು, ಒಂದೊಂದರ ಮೇಲೂ 1200 ನ್ಯೂಟನ್ ಎಂದು ಬರೆದಿದೆ, ಅಂದರೆ ಸುಮಾರು 120 ಕೆ.ಜಿ.ಯಷ್ಟು ತಳ್ಳುವ ಬಲ. ಗಾದಿ ಬಿಟ್ಟು 31,500 ರೂಪಾಯಿ ಬಿತ್ತು. ಪಂಪಿನ ಬಗ್ಗೆ ದೂರಿಲ್ಲ. ಬೋರ್ಡಿನ ಬಗ್ಗೆ ಇದೆ.

ಹೆಸರಿಗಷ್ಟೇ ಇದು ಹೈಡ್ರಾಲಿಕ್. ಸಿಲಿಂಡರಿನೊಳಗೆ ಎಣ್ಣೆ ಇರುವುದು ಸ್ವಲ್ಪವೇ, ಅದೂ ಸೀಲ್ ಒಣಗದಿರಲಿ, ಕೊನೆಯಲ್ಲಿ ಹಲಗೆ ಧಡ್ ಎನ್ನದೆ ನಿಲ್ಲಲಿ ಅಂತ. ಭಾರ ಎತ್ತುವುದು ಒತ್ತಿ ತುಂಬಿದ ನೈಟ್ರೋಜನ್. ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವುದೂ ಇದೇ ಸಾಮಾನು. ಈ ಮಂಚದ ಜಾಣತನ ಇರುವುದು ಪಂಪಿನಲ್ಲಿ ಅಲ್ಲ, ಪಂಪನ್ನು ಕೂರಿಸಿದ ಜಾಗದಲ್ಲಿ. ಹಲಗೆ ಮುಚ್ಚಿದಾಗ ಪಂಪು ಹೆಚ್ಚುಕಡಿಮೆ ಅಡ್ಡ ಮಲಗಿರುತ್ತದೆ, ಆಗ ಅದರ ತಳ್ಳುವಿಕೆ ಎತ್ತುವುದಕ್ಕೆ ಅಷ್ಟಾಗಿ ಒದಗುವುದಿಲ್ಲ. ಹಲಗೆ ಏಳುತ್ತಾ ಹೋದಂತೆ ಪಂಪು ನೆಟ್ಟಗಾಗಿ ಅದರ ಹಿಡಿತ ಹೆಚ್ಚುತ್ತದೆ, ಇತ್ತ ಗಾದಿಯ ಭಾರ ಕೀಲಿನ ಕಡೆ ವಾಲಿ ಹಗುರಾಗುತ್ತದೆ. ಹಾಗಾಗಿ ಮೊದಲ ಒಂದಡಿ ಎತ್ತುವುದಕ್ಕಷ್ಟೇ ಕೈಬಲ ಬೇಕು, ಅಲ್ಲಿಂದ ಮೇಲೆ ತಾನೇ ಹೋಗಿ ನಿಲ್ಲುತ್ತದೆ.

ಈ ಲೆಕ್ಕ ಕೂಡುವುದು ಒಂದು ನಿರ್ದಿಷ್ಟ ತೂಕದ ಗಾದಿಗೆ ಮಾತ್ರ. ಮಂಚ ಮಾಡಿಸುವಾಗ ಲ್ಯಾಮಿನೇಟ್ ಯಾವ ಬಣ್ಣ, ತಲೆ ಕಡೆ ಕುಶನ್ ಬೇಕಾ ಎಂದು ಹತ್ತು ಪ್ರಶ್ನೆ ಕೇಳುತ್ತಾರೆ, ಗಾದಿ ಎಷ್ಟು ಕೆ.ಜಿ. ಎಂದು ಕೇಳುವುದಿಲ್ಲ. ಇಲ್ಲಿರುವುದು ಆರಿಂಚಿನ ತೆಂಗಿನ ನಾರಿನ ಗಾದಿ, 38 ಕೆ.ಜಿ. ಹಲಗೆ ಮತ್ತು ಫ್ರೇಮು ಸೇರಿ 36. ಒಟ್ಟು 74 ಕೆ.ಜಿ., ಆ ಭಾರದ ನಡುಬಿಂದು ಕೀಲಿನಿಂದ ಒಂದು ಮೀಟರ್ ದೂರ. ಪಂಪು ತಳ್ಳುವುದಾದರೋ ಕೀಲಿನಿಂದ ಒಂದು ಗೇಣು ದೂರದಲ್ಲಿ. ಅದಕ್ಕೇ 74 ಕೆ.ಜಿ. ಎತ್ತಲು ಒಂದೊಂದೂ 120 ಕೆ.ಜಿ.ಯಷ್ಟು ತಳ್ಳುವ ಎರಡು ಪಂಪು ಬೇಕಾಗಿರುವುದು. ಇದೇ ಮಂಚಕ್ಕೆ 18 ಕೆ.ಜಿ.ಯ ಫೋಮ್ ಗಾದಿ ಹಾಕಿದರೆ ಒಟ್ಟು ಭಾರ 54ಕ್ಕೆ ಇಳಿದು ಪಂಪಿನದೇ ಮೇಲುಗೈಯಾಗುತ್ತದೆ. ಜನ ಮಲಗಿರುವಷ್ಟು ಹೊತ್ತು ಹಲಗೆಯೂ ಮಲಗಿರುತ್ತದೆ, ಅವರು ಎದ್ದರೆ ಅದೂ ಏಳುತ್ತದೆ. ನಾರಿನ ಗಾದಿ ತೆಗೆದು ಫೋಮ್ ತಂದವರು "ಮಂಚ ಕೆಟ್ಟಿದೆ" ಎನ್ನುವುದು ಹೀಗೆ. ಕೆಟ್ಟಿರುವುದಿಲ್ಲ, ಪಂಪನ್ನು ಒಂದೋ ಎರಡೋ ಮೆಟ್ಟಿಲು ಇಳಿಸಿ 1000ದ್ದೋ 800ರದ್ದೋ ಹಾಕಿಸಿದರೆ ಸರಿಹೋಗುತ್ತದೆ. ಹತ್ತಿಯ ಗಾದಿ ಇರುವ ಮನೆಗಳಲ್ಲಿ ಇನ್ನೊಂದು ತೊಡಕು: ಬಿಚ್ಚಿ, ಹತ್ತಿ ಬಡಿಸಿ, ಎರಡು ಕೆ.ಜಿ. ಹೊಸ ಹತ್ತಿ ಸೇರಿಸಿ ಹೊಲಿಸಿದಾಗಲೆಲ್ಲ ತೂಕ ಬದಲಾಗುತ್ತದೆ. ಆ ಎರಡು ಕೆ.ಜಿ. ಕಾಲ ಕಡೆ ಎತ್ತುವವರ ಕೈಗೆ ಒಂದು ಕೆ.ಜಿ.ಯಾಗಿ ಬರುತ್ತದೆ.

ಪಂಪಿನ ಆರೋಗ್ಯ ನೋಡಲು ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಎತ್ತುವ ಪಟ್ಟಿಗೆ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯಬೇಕು, ಹಲಗೆ ಅಲುಗಿದ ಕ್ಷಣದ ಅಂಕಿ ಬರೆದುಕೊಳ್ಳಬೇಕು. ಹೊಸದರಲ್ಲಿ 6 ಕೆ.ಜಿ., 2023ರ ಫೆಬ್ರವರಿಯಲ್ಲಿ 7, 2025ರ ಫೆಬ್ರವರಿಯಲ್ಲಿ 10. ಪಂಪು ಇಲ್ಲದಿದ್ದರೆ 74 ಕೆ.ಜಿ.ಯ ಅರ್ಧ, 37, ಕಾಲ ಕಡೆಯ ಕೈಗೆ ಬರಬೇಕು; ಅದರಲ್ಲಿ ಪಂಪು ಹೊರುತ್ತಿದ್ದದ್ದು 31, ಈಗ 27. ಪಂಪಿನ ಬಲ ನೂರಕ್ಕೆ ಹನ್ನೆರಡು ಹದಿಮೂರರಷ್ಟು ಇಳಿದಿದೆ ಎಂದಾಯಿತು. ಪ್ರತಿ ಸಲವೂ ಫೆಬ್ರವರಿಯ ಬೆಳಗ್ಗೆಯೇ ತೂಗಲು ಕಾರಣವಿದೆ: ಗ್ಯಾಸು ಬಿಸಿಗೆ ಹಿಗ್ಗುತ್ತದೆ. 20 ಡಿಗ್ರಿಯಲ್ಲಿ 1200 ನ್ಯೂಟನ್ ಇರುವ ಪಂಪು ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಗೆ 1270ರ ಮೇಲೆ ಹೋಗುತ್ತದೆ, ಎತ್ತುವ ಕೈಗೆ ಸುಮಾರು ಎರಡು ಕೆ.ಜಿ. ಉಳಿತಾಯ. ಬೇಸಿಗೆಯಲ್ಲಿ ತೂಗಿ "ಪಂಪು ಹೊಸದರಂತೇ ಇದೆ" ಎಂದುಕೊಂಡರೆ ಕಾರ್ತಿಕದ ಚಳಿ ಬಂದಾಗ ನಿಜ ತಿಳಿಯುತ್ತದೆ. 15 ಕೆ.ಜಿ. ದಾಟಿದರೆ ಬದಲಿಸುವುದು ಒಳ್ಳೆಯದು. ಆ ಹಂತದಲ್ಲಿ ಎತ್ತಿದ ಹಲಗೆ ಪೂರ್ತಿ ನಿಲ್ಲುತ್ತದೆಂಬ ಭರವಸೆ ಇಲ್ಲ, ಒಳಗೆ ತಲೆ ಹಾಕಿ ಹುಡುಕುತ್ತಿರುವವರ ಬೆನ್ನ ಮೇಲೆ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಪಂಪು ಹೊಸದಾಗಿದ್ದರೂ ಒಂದು ಆನಿಕೆ ಕೋಲು ಇಟ್ಟುಕೊಳ್ಳಿ.

ಪಂಪಿಗೆ ದೊಡ್ಡ ಶತ್ರು ದೂಳು. ಹೊಳೆಯುವ ಸರಳಿನ ಮೇಲೆ ಕೂತ ಮರಳಿನಂಥ ದೂಳು ಮುಚ್ಚುವಾಗ ಸೀಲಿನೊಳಗೆ ಹೋಗಿ ಕೊರೆಯುತ್ತದೆ. ಆಷಾಢದ ಗಾಳಿಯಲ್ಲಿ ಕಿಟಕಿ ತೆರೆದಿಟ್ಟ ಮನೆಗಳಲ್ಲಿ ಇದು ಜಾಸ್ತಿ, ಚಿತ್ರದುರ್ಗದ ಕಡೆಯಂತೂ ಕೇಳುವುದೇ ಬೇಡ. ತಿಂಗಳಿಗೊಮ್ಮೆ ಒಣ ಹತ್ತಿ ಬಟ್ಟೆಯಲ್ಲಿ ಸರಳನ್ನು ಒರೆಸಿದರೆ ಸಾಕು. ಗ್ರೀಸು, ಎಣ್ಣೆ ಸವರಬೇಡಿ, ದೂಳು ಅಂಟಿ ಇನ್ನೂ ಕೆಡುತ್ತದೆ. ಸುಣ್ಣ ಬಣ್ಣ ಬಳಿಸುವಾಗ ಸರಳಿಗೆ ಪ್ಲಾಸ್ಟಿಕ್ ಸುತ್ತಿ. ಒಣಗಿದ ಒಂದು ಹನಿ ಡಿಸ್ಟೆಂಪರ್ ಸೀಲು ಹರಿಯಲು ಸಾಕು. ಸರಳಿನ ಸುತ್ತ ಎಣ್ಣೆಯ ಉಂಗುರ ಕಂಡರೆ ಆ ಪಂಪಿನ ಕಾಲ ಮುಗಿಯಿತು. ಒಂದೇ ಬದಲಿಸಿ ಕಾಸು ಉಳಿಸಲು ಹೋಗಬೇಡಿ: ಒಂದು ಕಡೆ ಹೊಸದು, ಇನ್ನೊಂದು ಕಡೆ ದಣಿದದ್ದು ಇದ್ದರೆ ಹಲಗೆ ಓರೆಯಾಗಿ ಏಳುತ್ತದೆ, ಕೀಲಿನ ರಿವಿಟ್ ಸವೆಯುತ್ತದೆ.

ಬದಲಿಸುವ ಕೆಲಸ ಅರ್ಧ ಗಂಟೆಯದು, ಆದರೆ ಇಬ್ಬರು ಬೇಕು. ಗಾದಿಯನ್ನು ಮೊದಲೇ ತೆಗೆಯಬೇಕು. ಭಾರ ಕಳೆದ ಹಲಗೆ ಚಿಮ್ಮುತ್ತದೆ, ಅದಕ್ಕಾಗಿ ಒಬ್ಬರು ಕಾಲ ಕಡೆ ಒತ್ತಿ ಹಿಡಿದು ನಿಧಾನ ಬಿಡಬೇಕು. ಪೂರ್ತಿ ಎದ್ದ ಮೇಲೆ ಎರಡೂ ಬದಿಗೆ ಗಟ್ಟಿ ರೀಪರ್ ಆನಿಸಿ, ಆಮೇಲೆ 13ರ ಸ್ಪ್ಯಾನರ್ ಹಾಕಿ ನಟ್ಟು ಬಿಚ್ಚಬೇಕು. ಪಂಪು ಪೂರ್ತಿ ಚಾಚಿದ್ದಾಗ ಮಾತ್ರ ಬಿಚ್ಚಲು ಬರುತ್ತದೆ. ಕೂರಿಸುವಾಗ ದಪ್ಪ ಸಿಲಿಂಡರ್ ಮೇಲೆ, ಸರಳು ಕೆಳಗೆ ಬರುವಂತಿರಲಿ. ಹಾಗಿದ್ದರೆ ಎಣ್ಣೆ ಇಳಿದು ಸೀಲನ್ನು ತೇವವಾಗಿಡುತ್ತದೆ. ಹಳೆಯ ಪಂಪನ್ನು ಗುಜರಿಗೆ ಕೊಡುವಾಗ ಒಳಗೆ ಗ್ಯಾಸಿದೆ, ಕೊರೆಯಬೇಡಿ, ಬೆಂಕಿಗೆ ಹಾಕಬೇಡಿ ಎಂದು ಹೇಳಿಯೇ ಕೊಡಿ.

ಇನ್ನು ಬೋರ್ಡು. ಮುಚ್ಚಿದ ಮಂಚದಲ್ಲಿ ಪಂಪು ಸುಮ್ಮನೆ ಮಲಗಿದೆ ಎಂದು ಕಾಣುತ್ತದೆ, ಆದರೆ ಅದು ಹಗಲೂ ರಾತ್ರಿ ಪಕ್ಕದ ಹಲಗೆಯನ್ನು 120 ಕೆ.ಜಿ.ಗಿಂತ ಹೆಚ್ಚಿಗೆ ತಳ್ಳುತ್ತಲೇ ಇರುತ್ತದೆ. ಆ ಫಿಟ್ಟಿಂಗನ್ನು ಪಾರ್ಟಿಕಲ್ ಬೋರ್ಡಿಗೆ ಹಿಡಿದದ್ದು ಬರೀ ಮರಕ್ಕೆ ಹೊಡೆಯುವ ಸ್ಕ್ರೂಗಳು, ಒಂದೊಂದು ಬದಿಗೆ ಆರಾರು. ಹದಿನಾಲ್ಕನೇ ತಿಂಗಳಿಗೆ ಎಡಗಡೆ ಕಿರ್ ಎನ್ನತೊಡಗಿತು. ಟಾರ್ಚ್ ಬಿಟ್ಟು ನೋಡಿದರೆ ಫಿಟ್ಟಿಂಗ್ ಪಟ್ಟಿಗೂ ಬೋರ್ಡಿಗೂ ನಡುವೆ ಒಂದು ಎಟಿಎಂ ಕಾರ್ಡ್ ತೂರುವಷ್ಟು ಸಂದು. ಸ್ಕ್ರೂ ಬಿಚ್ಚಿದಾಗ ತೂತಿನಿಂದ ಮರದ ಪುಡಿ ರವೆಯ ಹಾಗೆ ಉದುರಿತು. ಅದೇ ತೂತಿಗೆ ಬೆಂಕಿಕಡ್ಡಿ, ಫೆವಿಕಾಲ್ ತುಂಬಿ ಮತ್ತೆ ಸ್ಕ್ರೂ ಬಿಗಿಯುವುದು ತಯಾರಕರು ಹೇಳಿದ ಉಪಾಯ. ಎರಡು ತಿಂಗಳು ಬಂತು. ಕೊನೆಗೆ ಗಟ್ಟಿಯಾಗಿ ನಿಂತದ್ದು ಹಲಗೆಯನ್ನು ಈಚೆಯಿಂದ ಆಚೆಗೆ ತೂರುವ ಆರ್‌ಪಾರ್ ಬೋಲ್ಟು: 8.5 ಎಂಎಂ ಬಿಟ್ಟಿನಲ್ಲಿ ತೂತು, ಹೊರಗಡೆ 4 ಎಂಎಂ ದಪ್ಪದ ಕಬ್ಬಿಣದ ಪಟ್ಟಿ, 8 ಎಂಎಂ ಬೋಲ್ಟು 40 ಎಂಎಂ ಉದ್ದದ್ದು, ಒಳಗೆ ವಾಷರ್, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟು. ಹೊರಗಿನಿಂದ ಬೋಲ್ಟಿನ ತಲೆ ಕಾಣುತ್ತದೆ, ಅಂದ ಕೆಡುತ್ತದೆ. ಕೆಡಲಿ.

ಬೋರ್ಡಿನ ಇನ್ನೊಂದು ಸೋಲು ನೆಲದಲ್ಲಿ. ಪಕ್ಕದ ಹಲಗೆಯ ಕೆಳಅಂಚಿಗೆ ಪಟ್ಟಿ ಅಂಟಿಸಿರಲಿಲ್ಲ, ಕಣ್ಣಿಗೆ ಬೀಳುವುದಿಲ್ಲವಲ್ಲ ಎಂದು ಬಿಟ್ಟಿದ್ದರು. ದಿನಾ ನೆಲ ಒರೆಸುವ ನೀರು ಕುಡಿದು ಕುಡಿದು ಎರಡು ವರ್ಷಕ್ಕೆ ಮೂಲೆಯಲ್ಲಿ 18 ಎಂಎಂ ಇದ್ದದ್ದು 23 ಆಗಿತ್ತು. ಊದಿದ ಪಾರ್ಟಿಕಲ್ ಬೋರ್ಡ್ ಒಣಗಿದರೂ ಮೊದಲಿನಂತಾಗುವುದಿಲ್ಲ. ಅಡಿಗೆ 12 ಎಂಎಂ ನೈಲಾನ್ ಬುಷ್ ಕೊಟ್ಟು ಎತ್ತರಿಸಿದ ಮೇಲೆ ಊದುವುದು ನಿಂತಿದೆ, ಊದಿದ್ದು ಹಾಗೇ ಇದೆ. ಹೊಸದಾಗಿ ಮಾಡಿಸುವವರು ಪೆಟ್ಟಿಗೆಯ ನಾಲ್ಕೂ ಬದಿಗೆ ಐಎಸ್ 710 ಗುರುತಿನ (ನೀರು ತಡೆಯುವ ಮರೀನ್ ದರ್ಜೆಯ) 18 ಎಂಎಂ ಪ್ಲೈ ಕೇಳಲಿ, ನಾಲ್ಕೂ ಅಂಚಿಗೆ ಪಟ್ಟಿ ಕೇಳಲಿ. ಖರ್ಚು ಕಡಿಮೆ ಮಾಡಲೇಬೇಕೆಂದರೆ ತಲೆ ಕಡೆಯ ಅಲಂಕಾರದಲ್ಲಿ ಮಾಡಲಿ.

ಒಳಗಿನ ಜಾಗ ಸುಮಾರು 26 ಘನ ಅಡಿ, 10×10ರ ಕೋಣೆಗೆ ಅದು ಇನ್ನೊಂದು ಬೀರು ಇದ್ದಂತೆ. ಕೌದಿ, ಚಳ್ಳಕೆರೆ ಕಂಬಳಿ, ಹಬ್ಬದ ಪಾತ್ರೆ, ಹೆಚ್ಚುವರಿ ದಿಂಬುಗಳಿಗೆ ಹೇಳಿ ಮಾಡಿಸಿದ ಸ್ಥಳ. ಅಕ್ಕಿ ಚೀಲಕ್ಕಲ್ಲ: ತಳ 6 ಎಂಎಂ ಪ್ಲೈ, 25 ಕೆ.ಜಿ.ಯ ಎರಡು ಚೀಲಕ್ಕೇ ಬಾಗುತ್ತದೆ, ಹುಳು ಬಿದ್ದರೆ ಗಾದಿಯವರೆಗೂ ಹತ್ತುತ್ತದೆ. ಕಂಬಳಿಗೆ ನುಸಿ ಗುಳಿಗೆ ಹಾಕಿದರೆ ರಾತ್ರಿಯೆಲ್ಲ ಮೂಗಿಗೆ ಅದೇ ವಾಸನೆ, ಒಣಗಿಸಿದ ಬೇವಿನ ಸೊಪ್ಪು ಮೇಲು. ಗಾದಿಯಡಿಯ ಹಲಗೆಗೆ ಒಂದಿಂಚಿನ ಹದಿನಾರು ತೂತು ಕೊರೆಸುವುದನ್ನು ಮರೆಯಬಾರದು. ಇಲ್ಲದಿದ್ದರೆ ಮಳೆಗಾಲದಲ್ಲಿ ಗಾದಿಯ ಅಡಿ ಬೂಷ್ಟು ಹಿಡಿಯುತ್ತದೆ. ಒಳಗೆ ಹಾಕಿದ ಸೆನ್ಸರ್ ಎಲ್‌ಇಡಿ ಪಟ್ಟಿ ಒಳ್ಳೆಯ ಯೋಚನೆ, ಕತ್ತಲಲ್ಲಿ ಹಲಗೆ ಎತ್ತಿದರೆ ತಾನೇ ಹೊತ್ತುತ್ತದೆ. ಅದರ ಅಂಟು ಟೇಪು ಮಾತ್ರ ಮೊದಲ ಬೇಸಿಗೆಗೇ ಕಳಚಿತು, ಎರಡು ಪುಟ್ಟ ಸ್ಕ್ರೂ ಹಾಕಿದ ಮೇಲೆ ಬಿದ್ದಿಲ್ಲ.

ಕಾಲ ಕಡೆ ನಿಂತು ಎತ್ತಲು ಎರಡಡಿಯಾದರೂ ಬೇಕು. ಅಲ್ಲಿ ಬೀರು ಇದ್ದರೆ ಪಕ್ಕದಿಂದ ಏಳುವ ಮಾದರಿಯನ್ನೇ ಮಾಡಿಸಿ. ಬಾಡಿಗೆ ಮನೆಯವರಿಗೆ ಈ ಮಂಚ ಅಷ್ಟು ಒಗ್ಗುವುದಿಲ್ಲ. ಹಳೇಪೇಟೆ ಕಡೆಯ ಇಕ್ಕಟ್ಟಿನ ಮೆಟ್ಟಿಲಲ್ಲಿ 78 ಇಂಚಿನ ಹಲಗೆ ತಿರುಗುವುದಿಲ್ಲ, ಮೇಲಿನ ಹಲಗೆಯನ್ನೂ ಫ್ರೇಮನ್ನೂ ಎರಡು ತುಂಡಾಗಿ ಮಾಡಿಸಿ ನಡುವೆ ಬೋಲ್ಟು ಕೊಡಿಸಿದರಷ್ಟೇ ಸಾಗಿಸಬಹುದು. ಪಾರ್ಟಿಕಲ್ ಬೋರ್ಡಿನ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ಜೋಡಿಸಿದರೆ ಮೂಲೆಯ ಸ್ಕ್ರೂಗಳು ಅರ್ಧ ಹಿಡಿತ ಕಳೆದುಕೊಳ್ಳುತ್ತವೆ. ಎರಡನೇ ಸಲಕ್ಕೆ ಮೂಲೆಗೆಲ್ಲ ಕಬ್ಬಿಣದ ಎಲ್ ಪಟ್ಟಿ ಹೊಡೆಯಬೇಕಾಗುತ್ತದೆ.