ಕನ್ಸಲ್ಟೆನ್ಸಿಗೆ ಎರಡು ಸ್ಟಾರ್, ಝೆರಾಕ್ಸ್ ಅಂಗಡಿಗೆ ಐದು

ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸುವ ಕನ್ಸಲ್ಟೆನ್ಸಿಯೊಂದಕ್ಕೆ ಎರಡು ಸ್ಟಾರ್ ಕೊಟ್ಟಿದ್ದೇನೆ. ಒಂದು, ಅಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿಗೆ. ಇನ್ನೊಂದು ಅವರು ಕೊಟ್ಟ ಫಿಲ್ಟರ್ ಕಾಫಿಗೆ. ಹೆಸರು ಬೇಡ. ಇಂಥದ್ದೊಂದು ಎಲ್ಲ ಊರಲ್ಲೂ ಇರುತ್ತದೆ: ಮೊದಲನೇ ಮಹಡಿ, ಗಾಜಿನ ಬಾಗಿಲು, ಮೇಜಿನ ಮೇಲೆ ಏಳೆಂಟು ದೇಶಗಳ ಪುಟ್ಟ ಬಾವುಟ. ನಮ್ಮದು ಶಿವಮೊಗ್ಗ.

ನಾನು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆ. ಮಗಳು ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ನೀರಿನ ವಿಷಯದಲ್ಲಿ ಮಾಸ್ಟರ್ಸ್ ಓದಲು ಜರ್ಮನಿಗೆ ಹೋಗ್ತೀನಿ ಅಂದಳು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರ ಪಾಸ್‌ಪೋರ್ಟೂ ಇರಲಿಲ್ಲ. 2024ರ ದೀಪಾವಳಿ ಕಳೆದ ಮೇಲೆ ಈ ಆಫೀಸಿಗೆ ಹೋದೆವು. ಬಾಗಿಲಿನ ಮೇಲೆ 'ಕೌನ್ಸೆಲಿಂಗ್ ಉಚಿತ' ಅಂತ ಬರೆದಿತ್ತು.

ಮೊದಲ ದಿನವೇ ನಾಲ್ಕು ಕಾಲೇಜು ತೋರಿಸಿದರು. ನಾಲ್ಕೂ ಖಾಸಗಿ, ಎಲ್ಲದರ ಫೀಸೂ ಹತ್ತು ಲಕ್ಷದ ಮೇಲೆ. ಜರ್ಮನಿಯಲ್ಲಿ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಫೀಸೇ ಇಲ್ವಂತಲ್ಲ ಎಂದು ಕೇಳಿದೆ. "ಅಲ್ಲಿ ಸೀಟು ಕಷ್ಟ ಮೇಡಂ" ಅಂದರು. ವಿಮೆ ಏಜೆಂಟರನ್ನು ದಿನಾ ನೋಡುವವಳು ನಾನು. ಕಮಿಷನ್ ಎಲ್ಲಿದೆ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. ಖಾಸಗಿ ಕಾಲೇಜು ಒಂದು ಸೀಟಿಗೆ ಇಷ್ಟು ಅಂತ ಏಜೆಂಟರಿಗೆ ಕೊಡುತ್ತದೆ, ಸರ್ಕಾರಿ ಯೂನಿವರ್ಸಿಟಿ ಕೊಡುವುದಿಲ್ಲ. ಹಾಗಂತ ಸರ್ಕಾರಿ ಅಂದರೆ ಎಲ್ಲ ಕಡೆ ಉಚಿತ ಅಂತಲೂ ತಿಳಿಯಬೇಡಿ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮಗಳೇ ಹುಡುಕಿ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಹೈಡ್ರೋ ಸೈನ್ಸ್ ಕೋರ್ಸ್ ತೋರಿಸಿದಳು. ಪಾಠ ಇಂಗ್ಲಿಷಿನಲ್ಲೇ. ಆ ಆಫೀಸಿನವರು ಅದರ ಹೆಸರು ಬರೆದುಕೊಂಡದ್ದು ನಮ್ಮಿಂದ ಕೇಳಿಯೇ.

ಇಷ್ಟಾದರೂ 30,000 ರೂಪಾಯಿಯ 'ವೀಸಾ ಪ್ಯಾಕೇಜ್' ತಗೊಂಡೆವು. ಹೆದರಿಕೆ, ಇನ್ನೇನು! ಒಂದು ಕಾಗದ ತಪ್ಪಿದರೆ ಮಗುವಿನ ಒಂದು ವರ್ಷ ಹೋಗುತ್ತದೆ ಅನ್ನುವ ಹೆದರಿಕೆ.

ಜರ್ಮನಿಗೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಎಪಿಎಸ್ ಅಂತ ಒಂದು ಸರ್ಟಿಫಿಕೇಟ್ ಬೇಕು. 2022ರ ನವೆಂಬರಿನಿಂದ ಕಡ್ಡಾಯ. ಮಾರ್ಕ್ಸ್ ಕಾರ್ಡುಗಳು ಅಸಲಿಯೇ ಅಂತ ದೆಹಲಿಯ ಕಚೇರಿಯೊಂದು ನೋಡಿ ಕೊಡುವ ಪತ್ರ. ಇದಕ್ಕೆ 25,000 ಬೇರೆ ಕೊಡಿ ಅಂದರು. ಆಗಲೇ ಆ ಹುಡುಗಿ ಲಿಫ್ಟಿನವರೆಗೆ ನಮ್ಮ ಜೊತೆ ಬಂದು, "ಆಂಟಿ, ಅವರ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಿ, ಫೀಸು 18,000 ಅಷ್ಟೇ" ಅಂತ ಮೆಲ್ಲಗೆ ಹೇಳಿ ಒಳಗೆ ಹೋದಳು. ಅವಳ ಸ್ಟಾರ್ ಅದು. ಮೂರು ತಿಂಗಳಿಗೆ ಅವಳು ಅಲ್ಲಿ ಕೆಲಸ ಬಿಟ್ಟಳು.

ಆಮೇಲೆ 'ಯಾಕೆ ಈ ಕೋರ್ಸ್' ಅಂತ ಬರೆಯಬೇಕಾದ ಪತ್ರ. ಅದು ಪ್ಯಾಕೇಜಿನಲ್ಲೇ ಇತ್ತು. ಹತ್ತು ದಿನಕ್ಕೆ ಕಳಿಸಿದರು. ಎರಡನೇ ಸಾಲು: 'ಚಿಕ್ಕಂದಿನಿಂದಲೂ ನನಗೆ ಕಾರಿನ ಇಂಜಿನ್ ಎಂದರೆ ಪ್ರಾಣ.' ನನ್ನ ಮಗಳು ಸ್ಕೂಟಿ ಪಂಕ್ಚರ್ ಆದರೆ ಅಪ್ಪನಿಗೆ ಫೋನ್ ಮಾಡುವವಳು. ಯಾರೋ ಆಟೋಮೊಬೈಲ್ ಹುಡುಗನ ಪತ್ರಕ್ಕೆ ಇವಳ ಹೆಸರು ಅಂಟಿಸಿದ್ದರು. ಕೇಳಿದರೆ "ಟೆಂಪ್ಲೇಟ್ ಮೇಡಂ, ಸಣ್ಣ ಮಿಸ್ಟೇಕ್" ಅಂದರು.

ಅವಳೇ ಕೂತು ಬರೆದಳು. ತುಂಗೆಯ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯ ನಡುವೆ ಮಂಟಪ ಇದೆಯಲ್ಲ, ಮಳೆಗಾಲದಲ್ಲಿ ಊರವರೆಲ್ಲ 'ಮಂಟಪ ಮುಳುಗಿತಾ' ಅಂತ ನೋಡಲು ಹೋಗ್ತೀವಲ್ಲ, ಅಲ್ಲಿಂದ ಶುರು ಮಾಡಿದಳು. ನಮ್ಮ ಊರಿಗೆ ಪ್ರವಾಹದ ಮಾಪಕ ಆ ಕಲ್ಲಿನ ಮಂಟಪವೇ ಅಂತ. ಗಾಜನೂರು ಡ್ಯಾಂ ಗೇಟಿನ ಮಾತೂ ಬಂತು. ಓದಿ ನನಗೆ ಕಣ್ಣು ತುಂಬಿತು. ಡ್ರೆಸ್ಡೆನ್‌ನವರಿಗೆ ಹೇಗನ್ನಿಸಿತೋ, ಸೀಟಂತೂ ಬಂತು.

ಈಗ ದುಡ್ಡಿನ ವಿಷಯ. ಇದನ್ನು ನಿಧಾನಕ್ಕೆ ಹೇಳ್ತೀನಿ, ಯಾಕಂದರೆ ಕನ್ಸಲ್ಟೆನ್ಸಿಯವರು ಹೇಳಲೇ ಇಲ್ಲ. ವೀಸಾ ಬೇಕಾದರೆ ಒಂದು ವರ್ಷದ ಖರ್ಚನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ನಮ್ಮ ಸಲಕ್ಕೆ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಅವಳ ಕೈಗೆ ಬರುತ್ತದೆ. ಆಗ ಯೂರೋ ನೂರು ರೂಪಾಯಿ ಆಸುಪಾಸು ಇತ್ತು, ಅಂದರೆ ಸುಮಾರು 12 ಲಕ್ಷ. ನಮ್ಮ ಸಂಘದಿಂದ ವಿದೇಶಕ್ಕೆ ಹಣ ಕಳಿಸಲು ಆಗುವುದಿಲ್ಲ, ದೊಡ್ಡ ಬ್ಯಾಂಕಿಗೇ ಹೋಗಬೇಕು. ಅಲ್ಲಿ ಫಾರಂನಲ್ಲಿ ಉದ್ದೇಶ 'ಶಿಕ್ಷಣ' ಅಂತಲೇ ಇದೆಯಾ ನೋಡಿಕೊಳ್ಳಿ. ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಟಿಸಿಎಸ್ ಅಂತ ಬ್ಯಾಂಕೇ ಮೊದಲು ತೆರಿಗೆ ಹಿಡಿಯುತ್ತದೆ. ನಾವು ಕಳಿಸಿದ 2025ರಲ್ಲಿ ಶಿಕ್ಷಣಕ್ಕಾದರೆ ಶೇ 5, ಬೇರೆ ಉದ್ದೇಶ ಅಂತ ಬರೆದರೆ ಶೇ 20 ಇತ್ತು. ರಿಟರ್ನ್ ಹಾಕಿದಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈಯಿಂದ ಹೋದದ್ದು ಹೋದದ್ದೇ ಅಲ್ವಾ? ಕೌಂಟರಿನ ಹುಡುಗ ಬೇರೆ ಕೋಡ್ ಹಾಕಿದ್ದ. ನಾನೂ ಗುಮಾಸ್ತೆ ಅಲ್ವಾ, ಕನ್ನಡಕ ಹಾಕಿಕೊಂಡು ಓದಿ ತಿದ್ದಿಸಿದೆ.

ಆದರೆ ಇನ್ನೊಂದು ಕಡೆ ನಾನೇ ಎಡವಿದೆ. ದಾರಿಯಲ್ಲಿ ಸಿಗುವ ಬ್ಯಾಂಕುಗಳ ಚಾರ್ಜು ಯಾರ ಮೇಲೆ ಅಂತ ಫಾರಂನಲ್ಲಿ ಕೇಳುತ್ತಾರೆ. 'ಕಳಿಸುವವರದ್ದೇ' ಅಂತ ಗುರುತು ಹಾಕಬೇಕಿತ್ತು. ಹಾಕಲಿಲ್ಲ. ಖಾತೆಗೆ 21 ಯೂರೋ ಕಡಿಮೆ ಮುಟ್ಟಿತು. ಹನ್ನೆರಡು ಲಕ್ಷ ಹೋಗಿ ಕೂತಿದೆ, ಎರಡು ಸಾವಿರಕ್ಕೆ, ಹಣ ಪೂರ್ತಿ ಬಂದಿದೆ ಅಂತ ವೀಸಾಕ್ಕೆ ಬೇಕಾದ ಪತ್ರ ಕೊಡಲ್ಲ! ಮತ್ತೆ ಕಳಿಸಿ, ಅದು ಮುಟ್ಟಿ, ಪತ್ರ ಬರುವುದರಲ್ಲಿ ಒಂಬತ್ತು ದಿನ. ಅಷ್ಟೂ ದಿನ ನನಗೆ ಊಟ ಸೇರಲಿಲ್ಲ.

ಐದು ಸ್ಟಾರಿನ ಝೆರಾಕ್ಸ್ ಅಂಗಡಿ ಇರುವುದು ಕೋರ್ಟಿನ ಹತ್ತಿರ. ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಮುಂದೆ ಒಂದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೇ ಸರ್‌ನೇಮ್. ನಮ್ಮ ಕಡೆ ಮನೆಮನೆಗೂ ಇರುವ ಕಥೆ ಇದು. ಪ್ಯಾಕೇಜಿನವರು ಆರು ತಿಂಗಳು ಇದೇ ಕಾಗದ ತಿರುವಿ ಹಾಕಿದ್ದರು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಝೆರಾಕ್ಸ್ ತೆಗೆಯುತ್ತಿದ್ದ ಮಾಲೀಕರು ಮಿಷನ್ ನಿಲ್ಲಿಸಿ, "ಅಮ್ಮಾ, ಇವರಿಬ್ಬರೂ ಒಬ್ಬರೇನಾ?" ಅಂದರು. ಗಲ್ಫಿಗೆ ಹೋಗುವವರ ಕಾಗದ ನೋಡಿ ನೋಡಿ ಅವರಿಗೆ ಅಭ್ಯಾಸ. ಎರಡೂ ಹೆಸರು ಒಬ್ಬಳದೇ ಅಂತ ಅಫಿಡವಿಟ್ ಟೈಪ್ ಮಾಡಿ, ಎದುರಿನ ನೋಟರಿ ಹತ್ತಿರ ಸಹಿ ಹಾಕಿಸಿಕೊಟ್ಟರು. ಎಲ್ಲ ಸೇರಿ 350 ರೂಪಾಯಿ. ಫೋಟೋ 35ಕ್ಕೆ 45 ಮಿಲಿಮೀಟರ್ ಇರಬೇಕು ಅಂತ ಸ್ಕೇಲ್ ಇಟ್ಟು ಕತ್ತರಿಸಿದ್ದೂ ಅವರೇ.

ವೀಸಾ ಅರ್ಜಿಗೆ ಬೆಂಗಳೂರಿಗೆ ಹೋಗುವ ಹಿಂದಿನ ವಾರ ಕನ್ಸಲ್ಟೆನ್ಸಿಯಿಂದ ಧೈರ್ಯ ಹೇಳಲು ಫೋನ್ ಬಂತು: "ರಿಜೆಕ್ಟ್ ಆದ್ರೆ ಅಪೀಲ್ ಹಾಕೋಣ ಬಿಡಿ." ಮಗಳು ಪಕ್ಕದಿಂದಲೇ ಇಲ್ಲ ಅಂತ ತಲೆ ಆಡಿಸಿದಳು. ವೀಸಾ ಕೊಡುವ ಕಚೇರಿಗೇ ಆಕ್ಷೇಪಣೆ ಬರೆಯುವ ಆ ಪದ್ಧತಿಯನ್ನು ಜರ್ಮನಿ 2025ರ ಜುಲೈ 1ರಿಂದ ನಿಲ್ಲಿಸಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲಾ ಬರ್ಲಿನ್ನಿನ ಕೋರ್ಟಿಗೆ ಹೋಗಬೇಕು. ನಾವು ಬರ್ಲಿನ್ ಕೋರ್ಟಿಗೆ!

ವೀಸಾ ಕೇಂದ್ರಕ್ಕೆ ಮೂರು ಸ್ಟಾರ್. ಆಗಸ್ಟಿನಲ್ಲಿ ರಾತ್ರಿ ಬಸ್ಸಿಗೆ ಹೊರಟು, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಇಡ್ಲಿ ತಿಂದು ಹೋದೆವು. ನನ್ನನ್ನು ಒಳಗೆ ಬಿಡಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಕೇರಳದ ಒಬ್ಬ ತಾಯಿ. ಅವರಿಗೆ ಕನ್ನಡ ಬಾರದು, ನನಗೆ ಮಲಯಾಳಂ ಬಾರದು, ಆದರೂ ಬ್ಲಾಕ್ಡ್ ಅಕೌಂಟ್ ಅಂದ ಕೂಡಲೇ ಇಬ್ಬರೂ ಹಣೆ ಚಚ್ಚಿಕೊಂಡೆವು. ಒಳಗೆ ಬೆರಳಚ್ಚು, ಫೋಟೋ, ಕಾಗದ ಪರಿಶೀಲನೆ. ವೀಸಾ ಫೀಸು 75 ಯೂರೋದಷ್ಟು ರೂಪಾಯಿ. ಲೌಂಜ್ ಬೇಕಾ, ಎಸ್ಸೆಮ್ಮೆಸ್ ಬೇಕಾ ಅಂತ ಒಂದೊಂದೇ ಕೇಳಿದರಂತೆ, ಮಗಳು ಕೊರಿಯರ್ ಒಂದಕ್ಕೆ ಹೂಂ ಅಂದಳು. ಅಫಿಡವಿಟ್ ಕೇಳಿದರಾ ಅಂತ ಕೇಳಿದೆ. "ಮೊದಲು ಕೇಳಿದ್ದೇ ಅದನ್ನ" ಅಂದಳು.

ಸೆಪ್ಟೆಂಬರಿನಲ್ಲಿ ಪಾಸ್‌ಪೋರ್ಟ್ ಬಂತು, ವೀಸಾ ಒಳಗಿತ್ತು. ಕನ್ಸಲ್ಟೆನ್ಸಿಯವರು ಕರೆಸಿ, ಪಾಸ್‌ಪೋರ್ಟ್ ಕೈಗೆ ಕೊಟ್ಟು ಫೋಟೋ ತೆಗೆದರು, ಕಾಫಿ ಕೊಟ್ಟರು. ಮೊದಲು ಇವರಿಗೆ ಮೂರು ಸ್ಟಾರ್ ಕೊಡೋಣ ಅಂತಲೇ ಇದ್ದೆ. ಮೊನ್ನೆ ಬಸ್ ಸ್ಟ್ಯಾಂಡ್ ಹತ್ತಿರ ಅವರ ಹೊಸ ಫ್ಲೆಕ್ಸ್ ನೋಡಿದೆ. ಮಗಳು ಚೆನ್ನಾಗಿ ನಗುತ್ತಿದ್ದಾಳೆ. ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದಾರೆ: ಆಟೋಮೊಬೈಲ್ ಇಂಜಿನಿಯರಿಂಗ್, ಜರ್ಮನಿ.