ಎದುರು ಕೂತು, ವಿಡಿಯೊದಲ್ಲಿ ಅಥವಾ ಫೋನಿನಲ್ಲಿ: ಕೌನ್ಸೆಲಿಂಗ್ ಶುರು ಮಾಡುವ ಮೊದಲು

ಮೂರೂ ಬಗೆಯನ್ನು ಬಳಸಿ ನೋಡಿದ ಮೇಲೆ ನಮ್ಮ ಒಲವು ಹೀಗೆ: ಮೊದಲ ಎರಡು ಮೂರು ಸೆಷನ್ ಎದುರು ಕೂತೇ ಆಗಲಿ, ಆಮೇಲೆ ವಿಡಿಯೊಗೆ ಹೋದರೆ ಕಳೆದುಕೊಳ್ಳುವುದು ಕಡಿಮೆ. ಫೋನ್ ಕೆಲವರಿಗೆ ಮಾತ್ರ ಹೊಂದುತ್ತದೆ.

ಮೊದಲ ಸೆಷನ್‌ನಲ್ಲಿ ಪರಿಹಾರ ಸಿಗುವುದಿಲ್ಲ, ವಿಚಾರಣೆಯೇ ಹೆಚ್ಚು. 45–50 ನಿಮಿಷದಲ್ಲಿ ಬಹುಪಾಲು ಒಪ್ಪಿಗೆ ಪತ್ರ, ಹಳೆಯ ಕಾಯಿಲೆ, ಈಗಿನ ಮಾತ್ರೆ, ನಿದ್ದೆ, ಮನೆಯ ಪರಿಸ್ಥಿತಿಗೇ ಹೋಗುತ್ತದೆ. ಖಿನ್ನತೆಯ ಲಕ್ಷಣ ಎಷ್ಟಿದೆಯೆಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನೂ ಕೊಡಬಹುದು: ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಗರಿಷ್ಠ 27 ಅಂಕ. 10 ಅಥವಾ ಹೆಚ್ಚು ಬಂದರೆ ಅದು ಖಿನ್ನತೆಯ ತೀರ್ಪಲ್ಲ, ಇನ್ನಷ್ಟು ಕೇಳಿ ತಿಳಿಯಬೇಕೆಂಬ ಸೂಚನೆ. ಸಂಕೋಚಕ್ಕೆ ಅಂಕ ತಗ್ಗಿಸಿ ಹಾಕಿದರೆ ಎರಡು ತಿಂಗಳ ನಂತರ ಹೋಲಿಸಿ ನೋಡಲು ಆಧಾರವೇ ಇರುವುದಿಲ್ಲ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆಗಿಂತ ಹೆಚ್ಚು ಬಂದರೆ, ಒಟ್ಟು ಅಂಕ ಎಷ್ಟೇ ಇರಲಿ, ನೇರವಾಗಿ ವಿಚಾರಿಸುತ್ತಾರೆ. ಎದುರು ಕೂತಿದ್ದರೆ ಪೆನ್ನು ಎಲ್ಲಿ ತಡೆಯಿತು, ಕಾಲು ಯಾವ ಮಾತಿಗೆ ಅದುರತೊಡಗಿತು ಎಂಬುದೂ ಆಪ್ತಸಮಾಲೋಚಕರಿಗೆ ಕಾಣುತ್ತದೆ. ವಿಡಿಯೊದಲ್ಲಿ ಭುಜದಿಂದ ಕೆಳಗೆ ಏನೂ ಕಾಣದು.

ವಿಡಿಯೊ ಕೆಡುವುದು ನೆಟ್‌ವರ್ಕ್‌ಗಿಂತ ಹೆಚ್ಚಾಗಿ ಗೋಡೆಯಿಂದ. ಇಯರ್‌ಫೋನ್ ಹಾಕಿದರೆ ಆಪ್ತಸಮಾಲೋಚಕರ ದನಿ ಹೊರಗೆ ಕೇಳಿಸದು, ನಿಮ್ಮದು ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಜನರಿದ್ದಾರೆಂಬ ಅಳುಕಿಗೆ ಮುಖ್ಯ ಮಾತೇ ನುಂಗಿಹೋಗುತ್ತದೆ. ಬಾಗಿಲ ಹೊರಗೆ ಫ್ಯಾನ್ ಹಾಕಿಡಿ, ಇಲ್ಲವೇ ನಿಲ್ಲಿಸಿದ ಕಾರಿನಲ್ಲಿ ಕೂರಿ. ಪರದೆಯಲ್ಲಿ ನಿಮ್ಮದೇ ಮುಖ ಕಾಣುವುದನ್ನು ಮರೆಮಾಡಿ, ಅಳುವಾಗ ಅದು ತೀರಾ ಅಡ್ಡಿ. ಕರೆ ಕಡಿದರೆ ಯಾರು ಮತ್ತೆ ಕರೆಯಬೇಕೆಂದು ಆರಂಭದಲ್ಲೇ ಮಾತಾಡಿಕೊಳ್ಳಿ. ಪ್ರತಿ ಸಲ ‘ಈಗ ಎಲ್ಲಿದ್ದೀರಿ’ ಎಂದು ಕೇಳಿದರೆ ಬೇಸರಿಸಬೇಡಿ. ಅಪಾಯವಾದರೆ ನೆರವು ಕಳಿಸಲು ವಿಳಾಸ ಬೇಕು.

ಹೋಗಿಬರುವ ಹೊತ್ತು ದಂಡ ಎನ್ನುವವರು ಒಂದನ್ನು ಮರೆಯುತ್ತಾರೆ: ಅತ್ತು ಹಗುರಾದವರಿಗೆ ಸುಧಾರಿಸಿಕೊಳ್ಳಲು ಆ ದಾರಿಯೇ ಸಿಗುತ್ತದೆ. ವಿಡಿಯೊ ಮುಗಿದ ಮರುಕ್ಷಣ ಮೀಟಿಂಗೋ ಅಡುಗೆಯೋ ಕಾದಿರುತ್ತದೆ. ಸೆಷನ್ ಆದಮೇಲೆ 15 ನಿಮಿಷವಾದರೂ ಖಾಲಿ ಬಿಡಿ.

ಫೋನಿನಲ್ಲಿ ಯಾರ ಕಣ್ಣೂ ಎದುರಿರುವುದಿಲ್ಲ. ನಾಚಿಕೆಯ ವಿಷಯ ಬಾಯಿಗೆ ಬರುವುದು ಅಲ್ಲೇ ಸಲೀಸು. ಆದರೆ ಮೌನ ಬಂದಾಗ ಯೋಚಿಸುತ್ತಿದ್ದೀರೋ ಕುಸಿದಿದ್ದೀರೋ ಆ ಕಡೆಗೆ ಗೊತ್ತಾಗದು. ಆತ್ಮಹತ್ಯೆಯ ಯೋಚನೆ ಇರುವವರು ಫೋನನ್ನೇ ನೆಚ್ಚಬಾರದು. ಇನ್ನು ಚಾಟ್: ಉತ್ತರ ತಡ, ಬರೆದದ್ದು ಮೊಬೈಲಿನಲ್ಲೇ ಉಳಿಯುತ್ತದೆ. ನಾವು ಸಲಹೆ ಮಾಡುವುದಿಲ್ಲ.

ಯಾವುದನ್ನೇ ಆರಿಸಿದರೂ ಗೌಪ್ಯತೆಗೆ ಮಿತಿ ಇದೆ. ನಿಮಗೋ ಇತರರಿಗೋ ಜೀವಾಪಾಯ, ಮಕ್ಕಳ ಮೇಲಿನ ದೌರ್ಜನ್ಯ, ನ್ಯಾಯಾಲಯದ ಆದೇಶ, ಇಂಥ ಸಂದರ್ಭಗಳಲ್ಲಿ ಮಾಹಿತಿ ಹೊರಹೋಗಬಹುದು. ಮಾತ್ರೆ ಬೇಕಿದ್ದರೆ ಮನೋವೈದ್ಯರನ್ನು ಕಾಣಬೇಕು. ಸೆಷನ್ ರದ್ದು ಮಾಡಲು 24 ಗಂಟೆ ಮೊದಲು ತಿಳಿಸಬೇಕೋ 48 ಗಂಟೆಯೋ ಕೇಳಿಟ್ಟುಕೊಳ್ಳಿ, ತಡವಾದರೆ ಪೂರ್ತಿ ಶುಲ್ಕ ಹಿಡಿಯುವುದುಂಟು. ವಿಡಿಯೊ ಸೆಷನ್ ರೆಕಾರ್ಡ್ ಆಗುತ್ತದೆಯೇ, ಆದರೆ ಎಷ್ಟು ಕಾಲ ಯಾರ ಬಳಿ ಇರುತ್ತದೆ ಎಂಬುದನ್ನು ಸಹಿ ಹಾಕುವ ಮುನ್ನ ಬರಹದಲ್ಲೇ ಪಡೆಯಿರಿ.